ಮನಸ್ಸಾಕ್ಷಿಯೂ ಅಧಿಕಾರದ ಸಹಿಯೂ

ನಾವು ಹೇಳುವ ವಿಶ್ವಾಸ ಪ್ರಮಾಣದಲ್ಲಿ ಪ್ರಭು ಯೇಸುಕ್ರಿಸ್ತರ ಮತ್ತು ಮಾತೆ ಮರಿಯಮ್ಮನವರ ಹೆಸರುಗಳ ಜೊತೆಗೆ ಇನ್ನೊಬ್ಬ ಮನುಷ್ಯನ ಹೆಸರೂ ಬರುತ್ತದೆ. ಅವನು ಪ್ರೇಷಿತನಲ್ಲ, ಸಂತನೂ ಅಲ್ಲ. ಒಬ್ಬ ಸರ್ಕಾರಿ ಅಧಿಕಾರಿ. ತನ್ನ ಮುಂದೆ ನಿಂತವನಲ್ಲಿ ತಪ್ಪಿಲ್ಲವೆಂದು ಪೊಂತಿಯುಸ್ ಪಿಲಾತನಿಗೆ ತಿಳಿದಿತ್ತು. ಆದರೂ ಅವನು ಜನರ ಕೂಗಿಗೆ ಮಣಿದು, ನೀರು ತರಿಸಿ ಕೈತೊಳೆದುಕೊಂಡು, ಆ ನಿರ್ದೋಷಿಯನ್ನು ಮರಣಕ್ಕೆ ಒಪ್ಪಿಸಿದನು. ಮನಸ್ಸಿನಲ್ಲಿ ಒಂದನ್ನು ನಂಬಿ, ಅಧಿಕಾರದಲ್ಲಿ ಕುಳಿತು ಇನ್ನೊಂದನ್ನು ಮಾಡುವುದು ಸರಿಯೇ ಎಂಬ ಪ್ರಶ್ನೆ ಅಂದಿನಿಂದಲೂ ಕ್ರೈಸ್ತ ಮನಸ್ಸಾಕ್ಷಿಯನ್ನು ಕಾಡುತ್ತ ಬಂದಿದೆ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎದುರಿಸಿದ ಶ್ರೀಸಾಮಾನ್ಯ ಕಥೋಲಿಕರಲ್ಲಿ ಅಮೆರಿಕದ ಮಾರಿಯೋ ಕುವೊಮೊ ಪ್ರಮುಖರು. ಅವರು 1932ರಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಜನಿಸಿದರು. ಇಟಲಿಯಿಂದ ವಲಸೆ ಬಂದ ತಂದೆ ತಾಯಿ ಅಲ್ಲಿ ಒಂದು ದಿನಸಿ ಅಂಗಡಿ ನಡೆಸುತ್ತಿದ್ದರು. ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1956ರಲ್ಲಿ ಉನ್ನತ ಸ್ಥಾನದೊಂದಿಗೆ ತೇರ್ಗಡೆಯಾದರೂ ವಾಲ್ ಸ್ಟ್ರೀಟಿನ ದೊಡ್ಡ ವಕೀಲಿ ಸಂಸ್ಥೆಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ಶಾಲೆಯೊಂದರ ಕಟ್ಟಡಕ್ಕಾಗಿ ಕೊರೋನಾ ಎಂಬ ಬಡಾವಣೆಯ 69 ಮನೆಗಳನ್ನು ಕೆಡವಲು ನಗರಾಡಳಿತ ಹೊರಟಾಗ, ಅಲ್ಲಿಯ ಕುಟುಂಬಗಳ ಪರವಾಗಿ ನಿಂತ ವಕೀಲರೆಂದು ಅವರ ಹೆಸರು ಪರಿಚಿತವಾಯಿತು. 1972ರಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿ ಬಡವರಿಗಾಗಿ ಕಟ್ಟಬೇಕಿದ್ದ ವಸತಿ ಸಮುಚ್ಚಯಕ್ಕೆ ಸುತ್ತಲಿನ ನಿವಾಸಿಗಳು ತೀವ್ರವಾಗಿ ವಿರೋಧಿಸಿದರು. ಮೇಯರ್ ಜಾನ್ ಲಿಂಡ್ಸೆ ಸಂಧಾನಕ್ಕೆ ಕರೆದದ್ದು ಇದೇ ವಕೀಲರನ್ನು. 24 ಅಂತಸ್ತಿನ ಮೂರು ಕಟ್ಟಡಗಳನ್ನು 12 ಅಂತಸ್ತಿಗೆ, 840 ಮನೆಗಳನ್ನು 432ಕ್ಕೆ ಇಳಿಸಿ ಅವರು ಜಗಳವನ್ನು ಬಗೆಹರಿಸಿದರು. ಎರಡೂ ಕಡೆಯವರಿಗೆ ಪೂರ್ಣ ತೃಪ್ತಿಯಾಗಲಿಲ್ಲ. ಆದರೆ ಬಡವರಿಗೆ ಮನೆಗಳು ದೊರೆತವು.

ರಾಜಕೀಯದಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಸೋಲೇ. 1974ರಲ್ಲಿ ಉಪರಾಜ್ಯಪಾಲ ಸ್ಥಾನದ ಉಮೇದುವಾರಿಕೆಗೆ ಸ್ಪರ್ಧಿಸಿ ಸೋತರು. 1975ರಲ್ಲಿ ಹ್ಯೂ ಕೇರಿಯವರು ಅವರನ್ನು ನ್ಯೂಯಾರ್ಕ್ ರಾಜ್ಯ ಕಾರ್ಯದರ್ಶಿಯಾಗಿ ನೇಮಿಸಿದರು. 1977ರಲ್ಲಿ ಮೇಯರ್ ಚುನಾವಣೆಯಲ್ಲಿ ಎಡ್ ಕಾಕ್ ಅವರೆದುರು ಸೋತರು. ಮರಣದಂಡನೆ ನೀಡುವುದೂ ಬಿಡುವುದೂ ಮೇಯರನ ಕೈಯಲ್ಲಿಲ್ಲ. ಆದರೂ ಅಪರಾಧಗಳಿಂದ ಬೇಸತ್ತ ಜನ ಅದರ ಬಗ್ಗೆಯೇ ಕೇಳುತ್ತಿದ್ದರು. ಕಾಕ್ ಅದನ್ನು ಬೆಂಬಲಿಸಿದರು, ಕುವೊಮೊ ವಿರೋಧಿಸಿದರು. 1978ರಲ್ಲಿ ಉಪರಾಜ್ಯಪಾಲರಾಗಿ, 1982ರಲ್ಲಿ ರಾಜ್ಯಪಾಲರಾಗಿ ಆಯ್ಕೆಯಾದರು. ಅಮೆರಿಕದಲ್ಲಿ ರಾಜ್ಯಪಾಲರನ್ನು ಜನರೇ ಚುನಾಯಿಸುತ್ತಾರೆ. ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತದ ಹೊಣೆ ಅವರದೇ.

ಈಗ ಮೂಲ ಪ್ರಶ್ನೆಗೆ ಬರೋಣ. ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಸಾರಿತ್ತು. (ಆ ತೀರ್ಪನ್ನು ಅದೇ ನ್ಯಾಯಾಲಯ 2022ರಲ್ಲಿ ರದ್ದುಪಡಿಸಿತು.) 1984ರಲ್ಲಿ ನ್ಯೂಯಾರ್ಕಿನ ಮಹಾಧರ್ಮಾಧ್ಯಕ್ಷ ಜಾನ್ ಓ'ಕಾನರ್, ಗರ್ಭಪಾತವನ್ನು ಬೆಂಬಲಿಸುವ ಅಭ್ಯರ್ಥಿಗೆ ಕಥೋಲಿಕರು ಶುದ್ಧ ಮನಸ್ಸಾಕ್ಷಿಯಿಂದ ಮತ ನೀಡುವುದು ಹೇಗೆ ಎಂಬ ಸಂದೇಹವನ್ನು ಬಹಿರಂಗವಾಗಿ ವ್ಯಕ್ತಪಡಿಸಿದರು. ಅದೇ ವರ್ಷ ಸೆಪ್ಟೆಂಬರ್ 13ರಂದು ಕುವೊಮೊ ನೋಟರ್ ಡೇಮ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಉತ್ತರ ರೂಪದ ಭಾಷಣ ಮಾಡಿದರು. ಅದರ ಸಾರ ಇಷ್ಟು: ಧರ್ಮಸಭೆಯ ಬೋಧನೆಯನ್ನು ತಾನೂ ತನ್ನ ಪತ್ನಿಯೂ ಒಪ್ಪಿ ಬಾಳುತ್ತೇವೆ. ಆದರೆ ಅನೇಕ ಮತಧರ್ಮಗಳ ಜನರಿರುವ ನಾಡಿನಲ್ಲಿ, ಬಹುಜನರ ಸಮ್ಮತಿಯಿಲ್ಲದೆ ಅದನ್ನು ಕಾನೂನಾಗಿಸಲು ಹೊರಟರೆ ಅದು ಹಿಂದಿನ ಪಾನನಿಷೇಧದಂತೆ ವಿಫಲವಾಗುತ್ತದೆ. ನಂಬಿಕೆಯನ್ನು ಕಾನೂನಾಗಿ ಮಾರ್ಪಡಿಸುವ ಬಗೆ ವಿವೇಕಕ್ಕೆ ಬಿಟ್ಟ ವಿಷಯ. ಕಥೋಲಿಕರು ಮೊದಲು ತಮ್ಮ ಬಾಳಿನಿಂದಲೇ ಅದಕ್ಕೆ ಸಾಕ್ಷಿ ನೀಡಲಿ.

ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನುಷ್ಯರ ಕಾನೂನು ಎಲ್ಲ ಪಾಪಗಳನ್ನೂ ನಿಷೇಧಿಸಲಾರದು ಎಂದು ಸಂತ ತೋಮಸ್ ಅಕ್ವಿನಾಸರೇ ಬೋಧಿಸಿದ್ದಾರೆ. ಆದರೆ ಅದೇ ಸಂತರು ಮತ್ತೊಂದನ್ನೂ ಹೇಳಿದ್ದಾರೆ: ಪರರಿಗೆ ಹಾನಿ ಮಾಡುವ, ತಡೆಯದಿದ್ದರೆ ಸಮಾಜವೇ ನಿಲ್ಲಲಾರದಂಥ ಕೃತ್ಯಗಳನ್ನು ಕಾನೂನು ನಿಷೇಧಿಸಲೇಬೇಕು. ಅದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಮೊದಲನೆಯದು ಕೊಲೆ. ಆದುದರಿಂದ, ಗರ್ಭದಲ್ಲಿರುವುದು ಒಂದು ಮಾನವ ಜೀವವೆಂದು ನಂಬುವವನಿಗೆ, ಅದು ಕೇವಲ ನನ್ನ ಖಾಸಗಿ ನಂಬಿಕೆ ಎಂದು ಹೇಳಿ ಸುಮ್ಮನಿರುವುದು ಸುಲಭವಲ್ಲ.

ಇದೇ ವ್ಯಕ್ತಿಯ ಇನ್ನೊಂದು ಮುಖವನ್ನೂ ನೋಡಬೇಕು. 1983ರಿಂದ 1994ರವರೆಗಿನ 12 ವರ್ಷಗಳಲ್ಲಿ ನ್ಯೂಯಾರ್ಕಿನ ಶಾಸನಸಭೆ ವರ್ಷ ವರ್ಷವೂ ಮರಣದಂಡನೆಯ ಮಸೂದೆಯನ್ನು ಅಂಗೀಕರಿಸಿ ಕಳುಹಿಸುತ್ತಿತ್ತು; ವರ್ಷ ವರ್ಷವೂ ಕುವೊಮೊ ಸಹಿ ಹಾಕದೆ ವೀಟೊ ಮಾಡುತ್ತಿದ್ದರು. ಬಹುಜನರ ಅಭಿಪ್ರಾಯ ಮರಣದಂಡನೆಯ ಪರವಾಗಿತ್ತು. ಅಂದಿನ ದಿನಗಳಲ್ಲಿ ಧರ್ಮಸಭೆಯ ಬೋಧನೆಯೂ ಅದನ್ನು ಸಂಪೂರ್ಣವಾಗಿ ನಿಷೇಧಿಸಿರಲಿಲ್ಲ. ಪೋಪ್ ಫ್ರಾನ್ಸಿಸರು ಧರ್ಮೋಪದೇಶ ಗ್ರಂಥದಲ್ಲಿ ಮರಣದಂಡನೆಗೆ ಅವಕಾಶವಿಲ್ಲವೆಂದು ತಿದ್ದಿಸಿದ್ದು 2018ರಲ್ಲಿ. ಕುವೊಮೊ ಮಾತ್ರ ಜನರ ಬಳಿಗೆ ಹೋಗಿ, ಸೇಡು ನ್ಯಾಯವಲ್ಲವೆಂದು, ಬಿಡುಗಡೆಯಿಲ್ಲದ ಆಜೀವ ಸೆರೆವಾಸ ಸಾಕೆಂದು ವಾದಿಸುತ್ತಲೇ ಇದ್ದರು. ಅವರು ಮೃದು ಮನಸ್ಸಿನ ಆಡಳಿತಗಾರರೆಂದು ಇದರಿಂದ ಭಾವಿಸಬೇಕಿಲ್ಲ. ಅವರ ಕಾಲದಲ್ಲಿ ರಾಜ್ಯದ ಸೆರೆಮನೆಗಳು ಬಹುವಾಗಿ ವಿಸ್ತರಿಸಿದವು. 1994ರಲ್ಲಿ ಅವರು ಜಾರ್ಜ್ ಪಟಾಕಿಯವರೆದುರು ಸೋತರು. ಆ ಸೋಲಿಗೆ ಕಾರಣಗಳು ಹಲವು. ಮರಣದಂಡನೆಯ ವಿರೋಧ ಅವುಗಳಲ್ಲೊಂದು. ಪಟಾಕಿಯವರು 1995ರ ಮಾರ್ಚ್‌ನಲ್ಲಿ ಮರಣದಂಡನೆಯ ಕಾನೂನಿಗೆ ಸಹಿ ಹಾಕಿದರು, ಅವರೂ ಕಥೋಲಿಕರೇ. 2004ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯ ಆ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಅದರಡಿ ಒಬ್ಬನನ್ನೂ ಗಲ್ಲಿಗೇರಿಸಲಿಲ್ಲ. ಕುವೊಮೊ 2015ರ ಜನವರಿ 1ರಂದು ನಿಧನರಾದರು.

ಒಂದೆಡೆ ಜನಾಭಿಪ್ರಾಯಕ್ಕೆ ಮಣಿದವರು, ಇನ್ನೊಂದೆಡೆ ಜನಾಭಿಪ್ರಾಯಕ್ಕೆ ಎದುರಾಗಿ ನಿಂತವರು ಒಬ್ಬರೇ. ಇದು ವಿರೋಧಾಭಾಸವಲ್ಲವೇ? ಅವರ ಪಕ್ಷಪಾತಿಗಳು ಒಂದು ಭೇದವನ್ನು ತೋರಿಸುತ್ತಾರೆ. ಮರಣದಂಡನೆಯಲ್ಲಿ ಕೊಲ್ಲುವುದು ಸರ್ಕಾರ. ಅಲ್ಲಿ ರಾಜ್ಯಪಾಲರ ಸಹಿ ಅವರ ಸ್ವಂತ ಕೃತ್ಯ. ಗರ್ಭಪಾತದ ವಿಷಯದಲ್ಲಾದರೋ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಅಳಿಸುವ ಅಧಿಕಾರ ಅವರಿಗಿರಲಿಲ್ಲ. ಈ ಭೇದ ನಿಜವಾದದ್ದು. ಆದರೂ ಅದು ಎಲ್ಲಕ್ಕೂ ಉತ್ತರ ಕೊಡುವುದಿಲ್ಲ. ಮರಣದಂಡನೆಯ ಬಗ್ಗೆ ಜನರ ಮನಸ್ಸನ್ನು ತಿರುಗಿಸಬಹುದೆಂದು ನಂಬಿ ಅವರು ಸೋಲುವವರೆಗೂ ದುಡಿದರು. ಗರ್ಭಪಾತದ ಬಗ್ಗೆಯಾದರೋ ಜನಾಭಿಪ್ರಾಯವನ್ನು ಮಳೆ ಬಿಸಿಲುಗಳಂತೆ, ತಮ್ಮ ಕೈಮೀರಿದ ಸಂಗತಿಯೆಂದು ಎಣಿಸಿದರು. ಅದ್ಭುತ ವಾಗ್ಮಿಯಾದ ಒಬ್ಬ ವಕೀಲರು ಅತ್ಯಂತ ಅಸಹಾಯಕವಾದ ಜೀವದ ಪರವಾಗಿ ಅದೇ ಆವೇಶದಿಂದ ವಾದಿಸಲಿಲ್ಲವೆಂಬುದೇ ನಮ್ಮ ಮನಸ್ಸಿಗೆ ನೋವುಂಟುಮಾಡುವ ವಿಷಯ.

ಹಾಗಾದರೆ ಅವರು ಅಧಿಕಾರವನ್ನು ತ್ಯಜಿಸಬೇಕಿತ್ತೇ? ಅವರಂತೆಯೇ ವಕೀಲಿಯಿಂದ ರಾಜ್ಯಾಧಿಕಾರಕ್ಕೆ ಏರಿದ ಸಂತ ಥಾಮಸ್ ಮೋರ್ 1532ರಲ್ಲಿ ಇಂಗ್ಲೆಂಡಿನ ಚಾನ್ಸಲರ್ ಪದವಿಯನ್ನು ಬಿಟ್ಟುಕೊಟ್ಟರು. 1535ರಲ್ಲಿ ತಲೆಯನ್ನೇ ಕೊಟ್ಟರು. ಸಂತ ಎರಡನೇ ಜಾನ್ ಪೌಲರು 2000ದಲ್ಲಿ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದರು. ಆದರೆ ಇದೇ ಜಾನ್ ಪೌಲರು 1995ರ ವಿಶ್ವಪತ್ರದಲ್ಲಿ ಮತ್ತೊಂದು ದಾರಿಯನ್ನೂ ತೋರಿಸಿದ್ದಾರೆ. ಗರ್ಭಪಾತದ ಕಾನೂನನ್ನು ಪೂರ್ಣವಾಗಿ ರದ್ದುಪಡಿಸಲಾಗದ ಶಾಸಕನು, ತನ್ನ ವಿರೋಧ ಎಲ್ಲರಿಗೂ ತಿಳಿದಿರುವಾಗ, ಅದರ ಕೇಡನ್ನು ಕಡಿಮೆಮಾಡುವ ಮಸೂದೆಗೆ ಬೆಂಬಲ ನೀಡಬಹುದು. ಫಾರೆಸ್ಟ್ ಹಿಲ್ಸ್‌ನ ಸಂಧಾನಕಾರರಿಗೆ ಈ ದಾರಿ ಅಪರಿಚಿತವೇನಲ್ಲ. ಪ್ರಜಾಪ್ರಭುತ್ವದಲ್ಲಿ ಕ್ರೈಸ್ತನೊಬ್ಬನು ಮತಗಳ ಎಣಿಕೆಯಲ್ಲಿ ಸೋಲಬಹುದು, ಅರ್ಧಕ್ಕೆ ಒಪ್ಪಿಕೊಳ್ಳಬೇಕಾಗಿಯೂ ಬರಬಹುದು. ಅದು ಪಾಪವಲ್ಲ. ಸತ್ಯವೆಂದು ತಿಳಿದದ್ದರ ಪರವಾಗಿ ಜನರ ಮನವೊಲಿಸುವ ಪ್ರಯತ್ನವನ್ನೇ ಕೈಬಿಡುವುದು ಮಾತ್ರ ಪಿಲಾತನ ನೀರಿನ ಪಾತ್ರೆಗೆ ಬಹಳ ಸಮೀಪ.

ಪ್ರಿಯ ಓದುಗರೇ, ದೂರದ ರಾಜ್ಯಪಾಲರೊಬ್ಬರನ್ನು ತೂಗಿನೋಡುವುದು ನಮಗೆ ಸುಲಭ. ಆದರೆ ಅವರ ಭಾಷಣದ ಒಂದು ಮಾತು ನಮ್ಮ ಮನೆಬಾಗಿಲಿಗೂ ಬರುತ್ತದೆ: ನಾವು ಬಾಳದ ಬಾಳನ್ನು ಕಾನೂನಿನಿಂದ ಕೇಳುವ ಹಕ್ಕು ನಮಗಿದೆಯೇ? ಮದುವೆಯಾಗದ ಹೆಣ್ಣುಮಗಳೊಬ್ಬಳು ಗರ್ಭಿಣಿಯೆಂದು ತಿಳಿದಾಗ ನಮ್ಮ ವಿಚಾರಣೆಯಲ್ಲಿ ಪಿಸುಮಾತು ಹಬ್ಬುತ್ತದೆ. ದೇವಾಲಯದ ಅಂಗಳದಲ್ಲಿ ಅವಳ ತಾಯಿ ತಲೆತಗ್ಗಿಸಿ ನಡೆಯಬೇಕಾಗುತ್ತದೆ. ಗರ್ಭದ ಶಿಶುವನ್ನು ಉಳಿಸಬೇಕೆಂದು ಸಾರುವ ನಾವೇ, ಆ ಶಿಶುವನ್ನು ಹೆರಲು ಬೇಕಾದ ಧೈರ್ಯವನ್ನು ಅವಳಿಂದ ಕಸಿದುಕೊಳ್ಳುತ್ತಿರುತ್ತೇವೆ. ಅಂಥ ಮನೆಗೆ ಈ ವಾರವೇ ಹೋಗಿ, ನಾವಿದ್ದೇವೆ ಎಂದು ಹೇಳಿಬರಲು ಯಾವ ಶಾಸನಸಭೆಯ ಬಹುಮತವೂ ಬೇಕಿಲ್ಲ.