ಹೆಗಲ ಮೇಲಿನ ಹಸಿರು ಚೀಲ

ಗಡಿನಾಡಿನ ಭಾಷೆಯ ಅಳಿವು ಉಳಿವುಗಳ ಕುರಿತು ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಸಂಪಾದಕರು ನಮ್ಮನ್ನು ಕೇಳಿದ್ದರು. ಆ ವಿಷಯವಾಗಿ ನಮಗಿಂತ ಬಲ್ಲವರು ಈ ಸಂಪುಟದಲ್ಲಿಯೇ ಬರೆಯುತ್ತಿರುವರೆಂದು ತಿಳಿದಿದ್ದರಿಂದ, ಕೆಲವು ತಿಂಗಳುಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಸಣ್ಣ ಪ್ರಶ್ನೆಯನ್ನು ಬಂಧುಗಳ ಮುಂದಿಡಲು ಅನುಮತಿ ಬೇಡಿದೆವು. ಅದು ಒಂದು ಚೀಲದ ಪ್ರಶ್ನೆ. ಚೀಲದಲ್ಲೇನು ಧರ್ಮಜಿಜ್ಞಾಸೆ ಎಂದು ಸಂಪಾದಕರು ನಕ್ಕರು. ನಾವೂ ಮೊದಲು ನಕ್ಕವರೇ.

ನಮ್ಮ ಮಗಳ ಸಂಸಾರ ಅಮೆರಿಕೆಯ ಕೊಲರಾಡೊ ರಾಜ್ಯದಲ್ಲಿದೆ. ಮೊಮ್ಮಗ ಅಲ್ಲಿಯ ಕಾಲೇಜಿನಲ್ಲಿ ಓದುತ್ತಾನೆ, ರಜೆ ಬಂದರೆ ಬೆಟ್ಟ ಹತ್ತುತ್ತಾನೆ. ಕಳೆದ ವರ್ಷ ಅವನು ಹಳೆಯ ಸೈನಿಕ ಸಾಮಗ್ರಿಗಳ ಅಂಗಡಿಯಲ್ಲಿ ಅಮೆರಿಕದ ಸೇನೆಯ ಬೆನ್ನುಚೀಲವೊಂದನ್ನು ಅಗ್ಗದ ಬೆಲೆಗೆ ಕೊಂಡು ತಂದ. ಅದನ್ನು ಹೊತ್ತು ಕಾಡುದಾರಿಗಳಲ್ಲಿ ನಡೆಯುವುದು ಒಂದು ಉದ್ದೇಶ. ಬೇಟೆಯಾಡುವ ಸಹಪಾಠಿಯೊಬ್ಬನೊಡನೆ ಹೋಗಿ, ಅವನು ಹೊಡೆದ ಎಲ್ಕ್ ಎಂಬ ಪ್ರಾಣಿಯ ಮಾಂಸವನ್ನು ಹೊತ್ತು ತರಲು ನೆರವಾಗುವುದು ಇನ್ನೊಂದು. ನಮ್ಮ ಮನೆಯಲ್ಲಿ ಮಾಂಸಾಹಾರವಿಲ್ಲ. ಮಗಳು ದೂರವಾಣಿಯಲ್ಲಿ, “ಅಪ್ಪ, ಇವನಿಗೆ ನೀವೇ ಹೇಳಿ. ಯುದ್ಧದ ಚೀಲ ಹೊತ್ತು ಬೇಟೆಗೆ ಹೋಗುತ್ತಾನಂತೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೋ ನನಗೆ ಗೊತ್ತಾಗುತ್ತಿಲ್ಲ,” ಎಂದಳು. ಅವನು ಫೋನು ತೆಗೆದುಕೊಂಡು, “ತಾತ, ಇದು ಬರೀ ಚೀಲ,” ಎಂದ.

ಮೂವತ್ತಾರು ವರ್ಷ ಮಕ್ಕಳ ಜಗಳಗಳನ್ನು ತೀರಿಸಿದ ಅಭ್ಯಾಸಬಲದಿಂದ ನಾವು ಒಡನೆಯೇ ತೀರ್ಪು ಕೊಟ್ಟುಬಿಟ್ಟೆವು. ಚಾಕುವಿಗೆ ಪಾಪವಿಲ್ಲ, ಹಿಡಿದ ಕೈಗೆ ಪಾಪ. ಚೀಲ ಅವನದಿರಲಿ, ಬೇಟೆ ಬೇಡ ಎಂದೆವು. ಫೋನು ಇಟ್ಟ ಮೇಲೆ ಎದುರಿನ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ನಮ್ಮದೇ ಚೀಲ ಕಣ್ಣಿಗೆ ಬಿತ್ತು. ಕೊಟ್ಟ ತೀರ್ಪು ಅವಸರದ್ದೆಂದು ಆಗಲೇ ಅನ್ನಿಸಿತು.

ಆ ಚೀಲದ ಕಥೆ ಹೇಳುವ ಮೊದಲು ಮೊಮ್ಮಗನ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಅವನು ಕೊಂಡದ್ದು ಆಲಿಸ್ ಎಂದು ಕರೆಯುವ ಚೀಲ. ಅಮೆರಿಕದ ಸೇನೆ ಅದನ್ನು 1973ರಲ್ಲಿ ಅಂಗೀಕರಿಸಿತು. ಗಟ್ಟಿ ನೈಲಾನಿನ ಹಸಿರು ಚೀಲ, ಬೆನ್ನಿನ ಕಡೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು. 1990ರ ದಶಕದ ಕೊನೆಯಲ್ಲಿ ಸೇನೆಗೆ ಹೊಸ ಬಗೆಯ ಚೀಲ ಬಂದ ಮೇಲೆ ಇವು ಮಿಗುತಾಯವಾಗಿ ಪೇಟೆಗೆ ಹರಿದವು. ಚೌಕಟ್ಟಿನಿಂದ ಚೀಲವನ್ನು ಬಿಚ್ಚಿ, ಕೆಳಗೆ ಒಂದು ತಟ್ಟೆಯಂಥ ಆಸರೆ ಸೇರಿಸಿದರೆ ಬರಿಯ ಚೌಕಟ್ಟಿನ ಮೇಲೆಯೇ ಭಾರ ಕಟ್ಟಬಹುದು. ಬೇಟೆಗಾರರಿಗೆ ಅದು ಪ್ರಿಯವಾದದ್ದು ಈ ಕಾರಣದಿಂದ. ಎಲ್ಕ್ ನಮ್ಮ ಕಡವೆಯ ಕುಲದ್ದೇ ಆದ ಭಾರೀ ಜಿಂಕೆ. ರಸ್ತೆಯಿಲ್ಲದ ಬೆಟ್ಟದಲ್ಲಿ ಅದರ ಮಾಂಸವನ್ನು ತುಂಡು ಮಾಡಿ ನಾಲ್ಕಾರು ಸಲ ಹೊತ್ತು ಇಳಿಸಬೇಕಾಗುತ್ತದೆ. ದುಬಾರಿಯ ಹೊಸ ಚೀಲಗಳು ಬೆನ್ನಿಗೆ ಹಿತವೆಂಬುದನ್ನು ಅವನೂ ಒಪ್ಪುತ್ತಾನೆ. ಆದರೆ ವಿದ್ಯಾರ್ಥಿಯ ಜೇಬಿಗೆ ಹಿತವಾದದ್ದು ಇದೇ. ಪ್ರಜೆಗಳ ತೆರಿಗೆಯ ಹಣದಿಂದ ನೇಯ್ದ ವಸ್ತುವನ್ನು ಕಸಕ್ಕೆಸೆಯುವುದಕ್ಕಿಂತ ಮರುಬಳಕೆ ಮಾಡುವುದು ಮೇಲಲ್ಲವೇ? ಈ ವಾದದಲ್ಲಿ ನಮಗೆ ದೋಷ ಕಾಣುವುದಿಲ್ಲ.

ಇತಿಹಾಸವೂ ಅವನ ಪರವಾಗಿದೆ. ನಾರ್ವೆ ದೇಶದ ಓಲೆ ಬೆರ್ಗನ್ ಎಂಬಾತ ಉಕ್ಕಿನ ಕೊಳವೆಯ ಚೌಕಟ್ಟುಳ್ಳ ಬೆನ್ನುಚೀಲಕ್ಕೆ 1909ರಲ್ಲಿ ಹಕ್ಕುಪತ್ರ ಪಡೆದ. ಮೊಲದ ಬೇಟೆಗೆ ಹೋದಾಗ ಚೀಲ ಬೆನ್ನಿಗೆ ಒತ್ತಿ ನೋಯಿಸಿದ್ದರಿಂದ ಮರದ ಕೊಂಬೆಯೊಂದನ್ನು ಬೆನ್ನಿನ ಆಕಾರಕ್ಕೆ ಬಾಗಿಸಿ ಕಟ್ಟಿಕೊಂಡನೆಂದೂ, ಅದರಿಂದಲೇ ಈ ಉಪಾಯ ಹೊಳೆಯಿತೆಂದೂ ಹೇಳುತ್ತಾರೆ. ಬ್ರಿಟಿಷ್ ಸೈನಿಕರು ತಮ್ಮ ದೊಡ್ಡ ಬೆನ್ನುಚೀಲವನ್ನು ಇಂದಿಗೂ ಬರ್ಗನ್ ಎಂದೇ ಕರೆಯುತ್ತಾರೆ. ಬೇಟೆಗಾರನ ಬೆನ್ನುನೋವಿನಿಂದ ಹುಟ್ಟಿದ್ದು ಸೈನಿಕನ ಬೆನ್ನೇರಿ, ಈಗ ಮರಳಿ ಬೇಟೆಗಾರನ ಬೆನ್ನಿಗೆ ಬಂದಿದೆ. ಇದು ಯುದ್ಧದ ಚೀಲ ಎಂದು ಮಗಳು ಹೇಳುವಾಗ, ಯಾವ ಕಾಲದಿಂದ ಯುದ್ಧದ್ದು ಎಂದು ಮೊಮ್ಮಗ ಕೇಳಬಹುದು.

ಆದರೂ ಮಗಳ ಕಸಿವಿಸಿಯಲ್ಲಿ ತಿರುಳಿಲ್ಲವೆಂದು ಹೇಳಲಾರೆವು. ಅದಕ್ಕೆ ನಮ್ಮ ಚೀಲವೇ ಕಾರಣ.

ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, 1970ರ ದಶಕದ ಮಧ್ಯದಲ್ಲಿ, ಮೈಸೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಆ ಚೀಲ ಸಿಕ್ಕಿತು. ಡಿಸ್ಪೋಸಲ್ ಮಾಲು ಎಂದು ಅಂಗಡಿಯವರು ಹೇಳಿದರು. ದಪ್ಪ ಕ್ಯಾನ್ವಾಸು, ಹಿತ್ತಾಳೆಯ ಕೊಂಡಿಗಳು, ಮಾಸಿದ ಹಸಿರು. ಮುಚ್ಚಳದ ಒಳಮೈಯಲ್ಲಿ ಕಪ್ಪು ಶಾಯಿಯಲ್ಲಿ ಒತ್ತಿದ ಸಂಖ್ಯೆ. ಅದರ ಕೆಳಗೆ ಇದ್ದಿರಬಹುದಾದ ಹೆಸರು ಅಳಿಸಿಹೋಗಿ ಒಂದೆರಡು ಅಕ್ಷರಗಳ ನೆರಳು ಮಾತ್ರ ಉಳಿದಿತ್ತು. ಒಂಬತ್ತು ರೂಪಾಯಿಗೆ ಚೌಕಾಸಿ ಮಾಡಿ ತಂದೆವು. ತಾಳವಾಡಿ ಸೀಮೆಯಲ್ಲಿ ಆಗ ಬಸ್ಸುಗಳು ವಿರಳ. ಪಠ್ಯಪುಸ್ತಕ, ಉತ್ತರ ಪತ್ರಿಕೆ, ಅಕ್ಕಿ, ಬೇಳೆ ಎಲ್ಲವನ್ನೂ ಅದರಲ್ಲಿ ತುಂಬಿ ಬೆನ್ನಿಗೇರಿಸಿ ಮೈಲಿಗಟ್ಟಲೆ ನಡೆಯುತ್ತಿದ್ದೆವು. ಮಕ್ಕಳು ನಮಗೆ ‘ಮಿಲಿಟರಿ ಮೇಷ್ಟ್ರು’ ಎಂದು ಹೆಸರಿಟ್ಟರು. ಮೇಲೆ ಗದರಿದರೂ ಒಳಗೆ ನಮಗೆ ಅದು ಹಿತವಾಗಿತ್ತು ಎಂಬುದನ್ನು ಈ ವಯಸ್ಸಿನಲ್ಲಿ ಮರೆಮಾಚಿ ಏನಾಗಬೇಕು? ಆ ಚೀಲ ಹೆಗಲಿಗೇರಿದೊಡನೆ ಬೆನ್ನು ನೆಟ್ಟಗಾಗುತ್ತಿತ್ತು, ನಡಿಗೆ ಬದಲಾಗುತ್ತಿತ್ತು. ಒಂದು ದಿನವೂ ಸೇನೆಯಲ್ಲಿ ದುಡಿಯದ ನಾವು ಸೈನಿಕನ ಗೌರವದಲ್ಲಿ ಒಂದು ಚಿಟಿಕೆಯನ್ನು ಕೇಳದೆ ಎತ್ತಿಕೊಂಡಿದ್ದೆವು. ಬರೀ ಚೀಲವಾಗಿದ್ದರೆ ನಡಿಗೆ ಏಕೆ ಬದಲಾಗಬೇಕಿತ್ತು?

ಸೈನಿಕನಲ್ಲದವನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನು ತೊಟ್ಟರೆ ಅಥವಾ ಚಿಹ್ನೆಯನ್ನು ಧರಿಸಿದರೆ ಅಪರಾಧವೆಂದು ಹಳೆಯ ಭಾರತೀಯ ದಂಡಸಂಹಿತೆಯ 140ನೆಯ ಕಲಮು ಹೇಳುತ್ತಿತ್ತು. ಮೂರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಉದ್ದೇಶವನ್ನು ಕೇಳುತ್ತದೆ. ಆ ಲೆಕ್ಕದಲ್ಲಿ ನಾವು ನಿರಪರಾಧಿಗಳು. ಬಹುಕಾಲ ಆ ನಿರಪರಾಧದಲ್ಲಿಯೇ ನೆಮ್ಮದಿಯಾಗಿದ್ದೆವು.

1990ರ ದಶಕದಲ್ಲಿ ನಮ್ಮ ಸುತ್ತಲಿನ ಕಾಡು ಹೇಗಿತ್ತೆಂಬುದನ್ನು ಈ ಭಾಗದ ಹಿರಿಯರಿಗೆ ವಿವರಿಸಬೇಕಾಗಿಲ್ಲ, ಕಿರಿಯರಿಗೆ ಎಷ್ಟು ಹೇಳಿದರೂ ಸಾಲದು. ವೀರಪ್ಪನ್ ಅಡಗಿದ್ದ ಕಾಡು ಅದು. ಅವನ ಕಡೆಯವರು ತೊಡುತ್ತಿದ್ದುದೂ ಹಸಿರು, ಅವನನ್ನು ಅರಸುತ್ತಿದ್ದವರು ತೊಡುತ್ತಿದ್ದುದೂ ಹಸಿರು. ಬೆನ್ನಿಗೆ ಚೀಲ ಕಟ್ಟಿದವರು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದರೆ ಯಾರ ಕಡೆಯವರೆಂದು ತಿಳಿಯುವುದು ಕಾಡಿನಂಚಿನ ಜನಕ್ಕೆ ಸಾಧ್ಯವಿರಲಿಲ್ಲ, ತಿಳಿದರೂ ಪ್ರಯೋಜನವಿರಲಿಲ್ಲ.

ಆ ಕಾಲದಲ್ಲಿ ಒಮ್ಮೆ, ಶಾಲೆ ಬಿಟ್ಟಿದ್ದ ಒಬ್ಬ ಸೋಲಿಗ ಹುಡುಗನನ್ನು ಕರೆತರಲು ಅವನ ಪೋಡಿಗೆ ಹೋದೆವು. ಜಾಣ ಹುಡುಗ. ಏಳನೆಯ ತರಗತಿಯಲ್ಲಿ ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನಿಗಾಗಿ ಎರಡು ನೋಟುಪುಸ್ತಕ, ಒಂದು ಅಂಗಿ, ದಾಖಲಾತಿ ಪುಸ್ತಕ ಇವಿಷ್ಟು ಚೀಲದಲ್ಲಿದ್ದವು. ಪೋಡಿನ ಅಂಚಿನಲ್ಲಿ ರಾಗಿ ಕೇರುತ್ತಿದ್ದ ಅವನ ಅಜ್ಜಿ ನಮ್ಮನ್ನು ದೂರದಿಂದ ಕಂಡಳು. ಮೊರವನ್ನು ಅಲ್ಲೇ ಬಿಟ್ಟು ಒಳಹೋಗಿ ಬಾಗಿಲು ಹಾಕಿಕೊಂಡಳು. ಒಂದು ಗುಡಿಸಿಲಿನ ಬಾಗಿಲು ಮುಚ್ಚಿದ್ದೇ ತಡ, ಉಳಿದವೂ ಮುಚ್ಚಿದವು. ನಾವು ಕೂಗಿ ಹೆಸರು ಹೇಳಿದೆವು, ಶಾಲೆಯ ಹೆಸರು ಹೇಳಿದೆವು. ಬಹಳ ಹೊತ್ತಾದ ಮೇಲೆ ತಟ್ಟಿಯ ಸಂದಿನಿಂದ ಅವಳ ಧ್ವನಿ ಬಂತು: “ಮೇಷ್ಟ್ರಾದ್ರೆ ಆ ಚೀಲ ಯಾಕೆ?”

ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಚೀಲವನ್ನು ಹುಣಸೆ ಮರದ ಕೆಳಗೆ ಇಟ್ಟು, ಅಂಗಿ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಮತ್ತೆ ಬಂದೆವು. ಬಾಗಿಲು ತೆರೆಯಿತು, ನೀರು ಕೊಟ್ಟರು. ಹುಡುಗ ಮಾತ್ರ ಕಾಣಲಿಲ್ಲ; ಹಿಂಬದಿಯಿಂದ ಕಾಡಿಗೆ ಓಡಿದ್ದನಂತೆ. ಅವನು ಶಾಲೆಗೆ ಮರಳಲೇ ಇಲ್ಲ. ಬಡತನವೇ ಕಾರಣವಿದ್ದಿರಬಹುದು, ಬೇರೆ ನೂರು ಕಾರಣಗಳಿದ್ದಿರಬಹುದು. ಆದರೆ ಆ ದಿನ ಬಟ್ಟೆಯ ಕೈಚೀಲ ಹಿಡಿದು ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನಮ್ಮೊಂದಿಗೆ ನಿವೃತ್ತಿಯಾಗಲಿಲ್ಲ.

ಚಾಕುವಿಗೆ ಪಾಪವಿಲ್ಲ ಎಂದು ಮೊಮ್ಮಗನಿಗೆ ಹೇಳಿದವರು ಆ ಅಜ್ಜಿಗೆ ಏನು ಹೇಳಬೇಕಿತ್ತು? ನಮ್ಮ ಉದ್ದೇಶ ನಮಗೆ ಮಾತ್ರ ಕಾಣುತ್ತದೆ. ಅವಳಿಗೆ ಕಂಡದ್ದು ಹಸಿರು ಬಣ್ಣ, ಪಟ್ಟಿ, ಕೊಂಡಿ. ವಸ್ತುವಿನ ಅರ್ಥವನ್ನು ಹೊತ್ತವನೊಬ್ಬನೇ ತೀರ್ಮಾನಿಸುವಂತಿದ್ದರೆ ಎಲ್ಲವೂ ಸುಲಭವಿತ್ತು. ನೋಡಿದವರಿಗೂ ಅದರಲ್ಲಿ ಪಾಲಿದೆ. ಹೆದರಿ ಬದುಕಿದವರಿಗೆ ಹೆಚ್ಚಿನ ಪಾಲಿದೆ ಎಂದು ನಮ್ಮ ಮತ. ಹೀಗೆಂದ ಮಾತ್ರಕ್ಕೆ ಎಲ್ಲ ಕಡೆಯೂ ಎಲ್ಲರೂ ಹಸಿರು ಚೀಲವನ್ನು ತ್ಯಜಿಸಬೇಕೆಂದಲ್ಲ. ಕೊಲರಾಡೊದ ಬೆಟ್ಟದಲ್ಲಿ ಆ ಅಜ್ಜಿ ಇಲ್ಲ. ಆದರೆ ಎಲ್ಲಿ ಯಾರಿರುತ್ತಾರೆಂದು ಕೇಳಿಕೊಳ್ಳದೆ ಹೊರುವುದು ಸರಿಯಲ್ಲ.

ಈ ವಿಷಯವನ್ನು ಮೊಮ್ಮಗನಿಗೆ ಪತ್ರದಲ್ಲಿ ಬರೆದೆವು. ಅವನು ಉತ್ತರದಲ್ಲಿ ತಿಳಿಸಿದ ಒಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಕೊಲರಾಡೊದಲ್ಲಿ ಬಂದೂಕಿನಿಂದ ಎಲ್ಕ್ ಬೇಟೆಯಾಡುವವನು ಸೊಂಟದ ಮೇಲ್ಭಾಗದಲ್ಲಿ ಕನಿಷ್ಠ 500 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ಧರಿಸಲೇಬೇಕು, ತಲೆಯ ಮೇಲೂ ಆ ಬಣ್ಣವಿರಬೇಕು. ಒಬ್ಬ ಬೇಟೆಗಾರ ಇನ್ನೊಬ್ಬನನ್ನು ಪ್ರಾಣಿಯೆಂದು ತಿಳಿದು ಗುಂಡು ಹಾರಿಸಬಾರದೆಂದು ಈ ನಿಯಮ. ಜಿಂಕೆಯ ಜಾತಿಯ ಕಣ್ಣುಗಳಿಗೆ ಕಿತ್ತಳೆ ಬಣ್ಣ ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ. ಆದರೆ ಸೈನ್ಯದ ಹಸಿರು ಚೀಲ ಬೆನ್ನ ಮೇಲಿನ ಕಿತ್ತಳೆಯನ್ನು ಮುಚ್ಚಿಬಿಡುತ್ತದೆ. ಅದರ ಬಣ್ಣವನ್ನು ಆರಿಸಿದ್ದೇ ಮನುಷ್ಯನ ಕಣ್ಣಿಗೆ ಬೀಳದಿರಲೆಂದು! ಆದ್ದರಿಂದ ಚೀಲದ ಮೇಲೆಯೂ ಕಿತ್ತಳೆ ಬಟ್ಟೆ ಹೊದಿಸುವುದು ಅಲ್ಲಿಯ ಅನುಭವಿಗಳ ರೂಢಿಯಂತೆ. ನಮ್ಮ ಚೀಲಕ್ಕೆ ಅಂದು ಒಂದು ತುಂಡು ಕೆಂಪು ಬಟ್ಟೆ ಕಟ್ಟಿದ್ದರೆ, ಯಾರೂ ಅಡಗಿ ಬರುವವನೆಂದು ತಿಳಿಯುತ್ತಿರಲಿಲ್ಲವೇನೋ.

ಇನ್ನೊಂದು ವಿವರವನ್ನೂ ಅವನು ಬರೆದಿದ್ದ. ಆಲಿಸ್ ಚೀಲದ ಹೆಗಲಪಟ್ಟಿಯಲ್ಲಿ, ಎಳೆದ ಕ್ಷಣದಲ್ಲಿ ಕಳಚಿಕೊಳ್ಳುವ ಕೊಂಡಿಯೊಂದಿದೆ. ಗುಂಡು ಹಾರಿಬಂದಾಗ ಭಾರವನ್ನು ಬಿಸುಟು ನೆಲಕ್ಕೆ ಬೀಳಲು ಸೈನಿಕನಿಗೆ ಮಾಡಿಕೊಟ್ಟ ಅನುಕೂಲ ಅದು. ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಚಾರಣಕ್ಕೆ ಹೋದವನು ದಣಿದಾಗ ಚೀಲ ಇಳಿಸುತ್ತಾನೆ, ಬುತ್ತಿ ಬಿಚ್ಚುತ್ತಾನೆ, ಬೇಡವೆನಿಸಿದರೆ ಮನೆಗೆ ಹಿಂದಿರುಗುತ್ತಾನೆ. ಅದೇ ಚೀಲವನ್ನು ಮೊದಲು ಹೊತ್ತಿದ್ದವನಿಗೆ ತಾನಾಗಿ ಇಳಿಸುವ ಸ್ವಾತಂತ್ರ್ಯವಿದ್ದದ್ದು ಪ್ರಾಣಕ್ಕೆ ಬಂದಾಗ ಮಾತ್ರ. ಚೀಲ ಒಂದೇ, ತೂಕವೂ ಒಂದೇ ಇರಬಹುದು. ಹೊರೆ ಒಂದೇ ಅಲ್ಲ. ನಮ್ಮ ಚೀಲದ ಮುಚ್ಚಳದಲ್ಲಿದ್ದ ಆ ಸಂಖ್ಯೆಯವನು ಅದನ್ನು ಉಗ್ರಾಣಕ್ಕೆ ಒಪ್ಪಿಸಿ ಪಿಂಚಣಿ ಪಡೆದು ಊರು ಸೇರಿದನೋ, ಅಥವಾ ಅವನಿಲ್ಲದೆ ಚೀಲವೊಂದೇ ಉಗ್ರಾಣಕ್ಕೆ ಬಂತೋ? ಮಿಗುತಾಯ ಎಂಬ ಮಾತನ್ನು ಅಂಗಡಿಯವರು ಎಷ್ಟು ಹಗುರವಾಗಿ ಆಡುತ್ತಾರೆ!

ಇನ್ನು ಬೇಟೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕ್ರಮೇಣ ಅದು ನಿಂತುಹೋದುದರಿಂದ, ಈ ಪ್ರಶ್ನೆ ನಮಗೆ ಮನೆಬಾಗಿಲಿನದಲ್ಲ. ವಿನೋದಕ್ಕಾಗಿ ಕೊಲ್ಲುವುದನ್ನು ನಾವು ಎಂದೂ ಒಪ್ಪಲಾರೆವು. ಆದರೆ ಕೊಂದ ಪ್ರಾಣಿಯ ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಕೊಲರಾಡೊದಲ್ಲಿ ಅಪರಾಧ. ಅಂದ ಮೇಲೆ ಹೊಡೆದವನು ಹೊರಲೇಬೇಕು. ಒಂದು ಜೀವದ ತೂಕವನ್ನು ನಾಲ್ಕಾರು ಸಲ ಬೆನ್ನ ಮೇಲೆ ಹೊತ್ತು ಬೆಟ್ಟವಿಳಿದವನಿಗೂ, ಅಂಗಡಿಯಲ್ಲಿ ಪೊಟ್ಟಣ ಕೊಂಡವನಿಗೂ ವ್ಯತ್ಯಾಸವಿದೆಯೆಂದು ಮೊಮ್ಮಗ ವಾದಿಸುತ್ತಾನೆ. ನಮ್ಮ ಬಳಿ ಸರಿಯಾದ ಪ್ರತ್ಯುತ್ತರವಿಲ್ಲ. ಮಗಳ ಬಳಿ ಇದೆ: “ಹೊರುವ ಕಷ್ಟ ಬೇಡವಾದರೆ ಕೊಲ್ಲಬೇಡಿ.”

ಚೀಲದ ವಿಷಯದಲ್ಲಿ ನಾವು ಮೊದಲ ತೀರ್ಪನ್ನು ತಿದ್ದಿ ಬರೆದೆವು. ಇಟ್ಟುಕೊ, ಹೊರು; ಆದರೆ ಸೇನೆಯ ಬಿಲ್ಲೆ, ಪಟ್ಟಿಗಳಿದ್ದರೆ ತೆಗೆದುಬಿಡು. ಒಳಗೆ ಯಾರದಾದರೂ ಹೆಸರಿದ್ದರೆ ಮಾತ್ರ ಅದನ್ನು ಅಳಿಸಬೇಡ. ಯಾರಾದರೂ ನಿನ್ನನ್ನು ಸೈನಿಕನೆಂದು ತಿಳಿದು ಗೌರವ ತೋರಿದರೆ ಒಡನೆಯೇ ಅಲ್ಲವೆಂದು ಹೇಳು. ಹೆದರಿದರೆ, ಚೀಲ ಇಳಿಸಿ ದೂರವಿಟ್ಟು ಮಾತನಾಡು.

ಅವನು ಕಳೆದ ಅಕ್ಟೋಬರಿನಲ್ಲಿ ಹೋಗಿಬಂದ. ಆ ಸಹಪಾಠಿಗೆ ಎಲ್ಕ್ ಸಿಗಲಿಲ್ಲ. ಮೂರು ದಿನ ಹಿಮದಲ್ಲಿ ಅಲೆದು ಬರಿಗೈಯಲ್ಲಿ ಬಂದರಂತೆ. ಕಳುಹಿಸಿದ ಚಿತ್ರದಲ್ಲಿ ಚೀಲಕ್ಕೆ ಕಿತ್ತಳೆ ಬಟ್ಟೆ ಕಟ್ಟಿರುವುದು ಕಾಣುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಒತ್ತಿ ಸೊಂಟದ ಮೇಲೆ ನೀಲಿಗಟ್ಟಿದೆ ಎಂದು ಮಗಳು ಬೈಯುತ್ತಿದ್ದಳು. ನಮ್ಮ ಚೀಲ ಮೊಳೆಯಲ್ಲಿಯೇ ಇದೆ. ಸಮ್ಮೇಳನದ ಕರೆಯೋಲೆಗಳನ್ನು ಊರೂರಿಗೆ ಹಂಚಲು ಕೊಂಡೊಯ್ಯುತ್ತೇನೆಂದು ಸಂಘದ ಯುವಕರೊಬ್ಬರು ಮೊನ್ನೆ ಅದನ್ನು ಕೇಳಿದರು. ಕಾಡಂಚಿನ ಪೋಡುಗಳಿಗೂ ಹೋಗುವಿರಾ ಎಂದು ವಿಚಾರಿಸಿದೆವು. ಹೌದೆಂದರು. ಒಳಗಿನಿಂದ ಬಟ್ಟೆಯ ಕೈಚೀಲಗಳೆರಡನ್ನು ತಂದುಕೊಟ್ಟೆವು.