ಹಳೆಯ ಹಾರ್ಮೋನಿಯಮ್ಮಿನ ಶ್ರುತಿ

ಬಂಗಾರದ ಸಾಲ ಕೇಳಿ ಬಂದವರ ಒಡವೆಯನ್ನು ಬ್ಯಾಂಕಿನಲ್ಲಿ ಹೇಗೆ ಬೆಲೆ ಕಟ್ಟುತ್ತಾರೆಂಬುದು ನಮ್ಮ ಕಡೆಯ ಎಲ್ಲ ಮನೆಗಳಿಗೂ ಗೊತ್ತಿದೆ. ಒರೆಗಲ್ಲಿಗೆ ತಿಕ್ಕುತ್ತಾರೆ, ಹರಳನ್ನೂ ಅರಗನ್ನೂ ಲೆಕ್ಕದಿಂದ ಕಳೆಯುತ್ತಾರೆ, ಉಳಿದ ತೂಕಕ್ಕೆ ದರ ಹಾಕುತ್ತಾರೆ. ಅಕ್ಕಸಾಲಿಗನ ಮಜೂರಿಗೆ ಅಲ್ಲಿ ಬೆಲೆಯಿಲ್ಲ. ಅಜ್ಜಿ ಅದನ್ನು ತೊಟ್ಟು ಎಷ್ಟು ಮದುವೆಗಳಿಗೆ ಹೋಗಿದ್ದರೆಂಬುದಕ್ಕೆ ಮೊದಲೇ ಇಲ್ಲ. ಇಪ್ಪತ್ತು ವರ್ಷಗಳಿಂದ ಕೌಂಟರಿನ ಒಳಗೆ ಕುಳಿತಿರುವ ನನಗೆ ಇದರಲ್ಲಿ ಅನ್ಯಾಯ ಕಂಡದ್ದಿಲ್ಲ. ಕರಗಿಸಿದ ಮೇಲೂ ಉಳಿಯುವುದನ್ನು ಮಾತ್ರ ಬ್ಯಾಂಕು ಅಳೆಯುತ್ತದೆ. ಕರಗಿಸಲು ಏನೂ ಇಲ್ಲದ ವಸ್ತುವಿನ ಮುಂದೆ ನಿಂತಾಗ ಮಾತ್ರ ಈ ಅಭ್ಯಾಸ ಕೈಕೊಡುತ್ತದೆ.

ವಸ್ತುವೆಂದರೆ ಒಂದು ಕಾಲು ಹಾರ್ಮೋನಿಯಂ. ಹಿಂದೆ ಕಂಪೆನಿ ನಾಟಕಗಳಲ್ಲಿ ರಂಗದ ಮುಂದೆ ಕುಳಿತು ಮಾಸ್ತರರು ಕಾಲಿನಿಂದ ಗಾಳಿ ಹೊಡೆಯುತ್ತ ಎರಡೂ ಕೈಗಳಿಂದ ಬಾರಿಸುತ್ತಿದ್ದರಲ್ಲ, ಆ ಜಾತಿಯದು. ಮೊಗ್ರಾಲಿನಲ್ಲಿ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಿಸಿದಾಗ ಎದುರಿನ ಚಾವಡಿಯನ್ನು ಕಳೆದುಕೊಂಡ ಮನೆಯೊಂದರ ಅಟ್ಟದಿಂದ ಅದು ಕೆಳಗಿಳಿಯಿತು. ಮನೆಯ ಹಿರಿಯರು ಮದುವೆ ಚಪ್ಪರಗಳಲ್ಲಿ ಮಾಪ್ಪಿಳ ಪಾಟ್ಟು ಹಾಡುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. ಮೊಮ್ಮಗ ಗಲ್ಫಿನಲ್ಲಿದ್ದಾನೆ. ಫೋನಿನಲ್ಲಿ ಅವನು ಹೇಳಿದ್ದು ಹನ್ನೆರಡು ಸಾವಿರ. ಅದು ತೇಗದ ಪೆಟ್ಟಿಗೆಯ ಬೆಲೆ. ಒಳಗಿರುವ ಹಳೆಯ ಜರ್ಮನ್ ರೀಡುಗಳಿಗೆ ಬೇರೆಯೇ ಬೆಲೆಯುಂಟೆಂದು ಅವನಿಗೆ ತಿಳಿದಿರಲಿಲ್ಲ. ಕೊಳ್ಳುವವನೇ ಅದನ್ನು ಹೇಳಬೇಕೇ? ವ್ಯಾಪಾರದಲ್ಲಿ ಬೇಡವೆನ್ನುವವರಿದ್ದಾರೆ. ಪಕ್ಕದ ಮನೆಯ ಅಜ್ಞಾನದಿಂದ ಲಾಭ ಮಾಡಿಕೊಂಡು ಅದೇ ದಾರಿಯಲ್ಲಿ ದಿನವೂ ಬಸ್ಸಿಗೆ ಹೋಗುವುದು ಸುಲಭವಲ್ಲವೆಂದು ನಾನು ಹೇಳಿದೆ. ಬೆಲೆ ಹದಿನೈದಕ್ಕೆ ಏರಿತು. ಮಂಗಳೂರಿನ ಕೆಲಸಗಾರರು ದುರಸ್ತಿಗೆ ಇಪ್ಪತ್ತೈದು ಸಾವಿರ ಹೇಳಿದ್ದಾರೆ. ನಲವತ್ತು ಸಾವಿರವೆಂದರೆ ಮಗಳ ಹಾಸ್ಟೆಲಿನ ಖರ್ಚಿನಲ್ಲಿ ಎಷ್ಟು ತಿಂಗಳು ಎಂಬ ಲೆಕ್ಕವನ್ನು ಮನೆಯವಳು ನನಗಿಂತ ಮೊದಲೇ ಮಾಡಿದ್ದಳು.

ಮೊಗ್ರಾಲಿಗೆ ಮಲಯಾಳದಲ್ಲಿ ‘ಇಶಲ್ ಗ್ರಾಮ’ವೆಂಬ ಹೆಸರಿದೆ. ಇಶಲ್ ಎಂದರೆ ಮಾಪ್ಪಿಳ ಪಾಟ್ಟಿನ ಧಾಟಿ. ನಮ್ಮ ಪ್ರಸಂಗಗಳಲ್ಲಿ ಪದದ ನೆತ್ತಿಯ ಮೇಲೆ ರಾಗ ತಾಳಗಳನ್ನು ಬರೆದಿರುವಂತೆ ಅವರ ಹಾಡಿನ ಮೇಲೆ ಇಶಲಿನ ಹೆಸರಿರುತ್ತದೆ. ಪಕ್ಕದ ಕುಂಬಳೆ ಪಾರ್ತಿಸುಬ್ಬನ ಊರು. ಕನ್ನಡ ಬಲ್ಲ ಮಲಯಾಳ ಕವಿ ತಳಂಗರೆಯ ಟಿ. ಉಬೈದ್ (1908-1972) ಬಾಳಿದ್ದೂ ಹತ್ತಿರದಲ್ಲೇ. ಹೀಗೆ ಎರಡು ಹಾಡುಗಾರಿಕೆಗಳು ಇಲ್ಲಿ ಒಂದೇ ಬಾವಿಯ ನೀರು ಕುಡಿದಿದ್ದರೂ ಒಂದರ ವಾದ್ಯ ಇನ್ನೊಂದರ ಮನೆಗೆ ಬರುವುದು ಅಪರೂಪ.

ಇದು ನಮ್ಮ ವಾದ್ಯವೇ ಅಲ್ಲ, ಇದಕ್ಕೇಕೆ ಇಷ್ಟು ಚಿಂತೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಾತು ನಿಜ. ಪ್ಯಾರಿಸಿನ ದೆಬಾಂ ಎಂಬಾತ 1842ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ನೆಲದಲ್ಲಿ ಕುಳಿತು ನುಡಿಸುವ ಕೈಹಾರ್ಮೋನಿಯಂ ಮಾಡಿದರು. ಸ್ವರಗಳು ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ, ಒಂದರಿಂದ ಒಂದಕ್ಕೆ ಜಾರಲು ಬರುವುದಿಲ್ಲ, ಗಮಕ ಹುಟ್ಟುವುದಿಲ್ಲ ಎಂಬ ಆಕ್ಷೇಪಗಳಿಂದ ಆಕಾಶವಾಣಿ 1940ರಲ್ಲಿ ಇದನ್ನು ಹೊರಗಿಟ್ಟಿತು. ರವೀಂದ್ರನಾಥ ಟಾಗೋರರಿಗೂ ಇದು ಸೇರುತ್ತಿರಲಿಲ್ಲ. ಮೂರು ದಶಕಗಳ ಬಳಿಕ, 1971ರಲ್ಲಿ, ನಿಷೇಧ ಭಾಗಶಃ ಸಡಿಲವಾಯಿತು. ಅಷ್ಟೂ ವರ್ಷ ರೇಡಿಯೋದಲ್ಲಿ ಇಲ್ಲದ ವಾದ್ಯ ಭಜನೆಯಲ್ಲಿ, ನಾಟಕದಲ್ಲಿ, ಮದುವೆ ಚಪ್ಪರದಲ್ಲಿ ಇದ್ದೇ ಇತ್ತು. ಯಕ್ಷಗಾನದಲ್ಲಿ ಸೋರೆಬುರುಡೆಯ ಪುಂಗಿ ಹಿಡಿಯುತ್ತಿದ್ದ ಶ್ರುತಿಯನ್ನು ಇದೇ ಹಿಡಿಯಿತು. ಇಂದಿಗೂ ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಹಾರ್ಮೋನಿಯಮ್ಮಿನ ಮನೆಗಳಿಂದಲೇ ಹೇಳುತ್ತಾರೆ. ಹೊರಗಿನಿಂದ ಬಂದದ್ದು ಮನೆಯದಾಗಲು ಎಷ್ಟು ವರ್ಷ ಬೇಕೆಂದು 1956ರಿಂದ ಈಚೆಗೆ ನಮ್ಮನ್ನೇ ಕೇಳುವವರಿದ್ದಾರೆ. ಆದುದರಿಂದ ಈ ಆಕ್ಷೇಪವನ್ನು ನಾನು ಬಹಳ ಹೊತ್ತು ಕೇಳಿಸಿಕೊಳ್ಳಲಿಲ್ಲ.

ನನ್ನನ್ನು ಕಟ್ಟಿಹಾಕಿದ ಪ್ರಶ್ನೆ ಬೇರೆ. ಕೆಲಸಗಾರರು ಪೆಟ್ಟಿಗೆ ಬಿಚ್ಚಿ ನೋಡಿದರು. ತಿದಿಯ ಚರ್ಮ ಹರಿದಿದೆ, ಹೊಸದು ಹಾಕಬೇಕು, ಇದರಲ್ಲಿ ತಕರಾರಿಲ್ಲ. ಆದರೆ ಶ್ರುತಿ? ಆ ವಾದ್ಯದ ಬಿಳಿ ಒಂದು ಈಗಿನ ಕೀಬೋರ್ಡಿನ ಬಿಳಿ ಒಂದಕ್ಕೂ ಕಪ್ಪು ಒಂದಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಸೆಕೆಂಡಿಗೆ 440 ಕಂಪನವೆಂಬ ಸರ್ವಸಮ್ಮತ ಅಳತೆ ಬಂದದ್ದು 1939ರ ಲಂಡನ್ ಸಮ್ಮೇಳನದಲ್ಲಿ. ಅದಕ್ಕೆ ಮೊದಲು ದೇಶಕ್ಕೊಂದು, ಕಾರ್ಖಾನೆಗೊಂದು ಅಳತೆ. ಇಂದಿನ ಯಾವ ವಾದ್ಯದ ಜೊತೆಗೂ ಇದು ಕೂಡುವುದಿಲ್ಲ. ಕೂಡಿಸಬೇಕಾದರೆ ರೀಡಿನ ಹಿತ್ತಾಳೆ ನಾಲಗೆಯನ್ನು ಅರದಿಂದ ಹೆರೆಯಬೇಕು. ತುದಿಯಲ್ಲಿ ಹೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಹೆರೆದರೆ ಇಳಿಯುತ್ತದೆ. ಹೆರೆದ ಹಿತ್ತಾಳೆ ಮರಳಿ ಬರುವುದಿಲ್ಲ.

ಆಗ ಬಾಗಿಲ ಬಳಿ ನಿಂತಿದ್ದ ಆ ಮನೆಯ ಉಮ್ಮ ಒಂದು ಮಾತು ಹೇಳಿದರು. ಕೊಂಡ ಹೊಸತರಲ್ಲಿ ಪೆಟ್ಟಿಗೆ ತಮ್ಮ ಗಂಡನ ಗಂಟಲಿಗೆ ಹೊಂದುತ್ತಿರಲಿಲ್ಲವಂತೆ. ಯಾರನ್ನೋ ಕರೆಸಿ ಹೊಂದಿಸಿಕೊಂಡಿದ್ದರಂತೆ. ಅವರ ಹಾಡು ಎಲ್ಲಿಯೂ ಧ್ವನಿಮುದ್ರಣವಾಗಿಲ್ಲ. ಅಂದರೆ ಆ ಕಂಠದ ಎತ್ತರ ಇಂದು ಜಗತ್ತಿನಲ್ಲಿ ಉಳಿದಿರುವುದು ಈ ಹಿತ್ತಾಳೆಯ ಚೂರುಗಳಲ್ಲಿ ಮಾತ್ರ. ಅದನ್ನು ಅಳಿಸುವ ಹಕ್ಕು ಹದಿನೈದು ಸಾವಿರಕ್ಕೆ ನನಗೆ ಸಿಗುತ್ತದೆಯೇ?

ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ರಥದ ಪ್ರಶ್ನೆ ಹಾಕಿದ ಕಥೆಯನ್ನು ಕಾಲೇಜಿನಲ್ಲಿ ಓದಿದ್ದೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ; ಎಲ್ಲ ಕೂಡಿದಾಗ ಬಳಸುವ ಹೆಸರಷ್ಟೇ ರಥ. ಪರೀಕ್ಷೆಗೆ ಸಾಕಾಗಿದ್ದ ಉತ್ತರ ಇಲ್ಲಿ ಸಾಲಲಿಲ್ಲ. ನಮಗೆ ಹತ್ತಿರದ ಉದಾಹರಣೆ ಜೀರ್ಣೋದ್ಧಾರ. 2025ರಲ್ಲಿ ಮಧೂರಿನಲ್ಲಿ ಬ್ರಹ್ಮಕಲಶವೂ ಮೂಡಪ್ಪ ಸೇವೆಯೂ ನಡೆದಾಗ ನಮ್ಮಲ್ಲಿ ಹೋಗದವರು ಕಡಿಮೆ. ಕೊಳೆತ ತೊಲೆ ಹೋಗಿ ಹೊಸ ತೊಲೆ ಬಂದರೆ ಇದು ಅದೇ ದೇವಸ್ಥಾನವೇ ಎಂದು ಯಾರೂ ಕೇಳುವುದಿಲ್ಲ, ಪೂಜೆ ಮುಂದುವರಿದಿದೆಯಲ್ಲ. ಆದರೆ ಗರ್ಭಗುಡಿಯನ್ನು ಬಿಚ್ಚುವ ಮೊದಲು ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಕೊಳ್ಳುವ ಕ್ರಮವೊಂದಿದೆ. ಸ್ವರವನ್ನು ಯಾವ ಕಲಶಕ್ಕೆ ಇಳಿಸುವುದು?

ಮಗಳಲ್ಲಿ ಕೇಳಿದರೆ ಅವಳಿಗೆ ಇದು ಪ್ರಶ್ನೆಯೇ ಅಲ್ಲ. “ಮೊಬೈಲಿನಲ್ಲಿ ಒಂದೊಂದೇ ಸ್ವರ ರೆಕಾರ್ಡ್ ಮಾಡಿಟ್ಟು ಆಮೇಲೆ ಹೆರೆಯಿರಿ” ಎಂದಳು. ಹಾಗೆ ಉಳಿಯುವುದು ಕಂಪನಗಳ ಸಂಖ್ಯೆ, ಅದು ನಮ್ಮ ಬ್ಯಾಂಕಿನ ತೂಕದ ಚೀಟಿಯಂತೆ ಎಂದೆ. “ನುಡಿಸದೆ ಇಟ್ಟರೆ ಉಳಿಯುವುದು ಮರ ಮಾತ್ರ” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರೆಸಾರ್ಟೊಂದರ ಅಂಗಳದಲ್ಲಿಡಲು ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಆ ಮನೆಗೆ ಎರಡು ಸಲ ಬಂದು ಹೋಗಿದ್ದ. ಅಲ್ಲಿ ರೀಡುಗಳನ್ನು ಯಾರೂ ಮುಟ್ಟುವುದಿಲ್ಲ, ಶ್ರುತಿ ಹಾಗೆಯೇ ಉಳಿಯುತ್ತದೆ, ಕೇಳುವವರಿರುವುದಿಲ್ಲ. ಅಂಥ ರಕ್ಷಣೆ ನಮ್ಮ ಭಾಷೆಗೆ ಬಾರದಿರಲಿ ಎಂದು, ಸಂಬಂಧವಿಲ್ಲದಿದ್ದರೂ, ನನಗೆ ತೋಚಿತು.

ಉಮ್ಮನ ಮಾತನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಾಗ ಅದರಲ್ಲೇ ಇನ್ನೊಂದು ಅರ್ಥವಿರುವುದು ಕಂಡಿತು. ಆ ಗಾಯಕರೂ ಹೆರೆಸಿದವರೇ ಅಲ್ಲವೇ? ಕಾರ್ಖಾನೆಯ ಶ್ರುತಿಯನ್ನು ಪವಿತ್ರವೆಂದು ಅವರು ಭಾವಿಸಲಿಲ್ಲ; ಹಾಡುವವನ ಗಂಟಲೇ ದೊಡ್ಡದೆಂದು ತಿಳಿದರು. ಅವರು ಬಿಟ್ಟುಹೋದ ಸ್ವರವನ್ನು ಕಾಯುವುದು ಒಂದು ಗೌರವ. ಅವರು ಮಾಡಿದಂತೆ ಮಾಡುವುದು ಇನ್ನೊಂದು, ಮತ್ತು ನನಗೀಗ ಎರಡನೆಯದೇ ಹೆಚ್ಚೆಂದು ತೋರುತ್ತದೆ. ಆದರೆ ಅವರಂತೆ ಮಾಡಬೇಕಾದರೆ ಒಂದು ಗಂಟಲು ಬೇಕು. ನನಗೆ ಹಾಡು ಬಾರದು. ಮಗಳಿಗೆ ಕೀಬೋರ್ಡು ಬರುತ್ತದೆ, ಅವಳಿರುವುದು ಹಾಸ್ಟೆಲಿನಲ್ಲಿ. ಯಾರದೆಂದು ತಿಳಿಯದ ಗಂಟಲಿಗಾಗಿ, ಕೇವಲ 440 ಎಂಬ ಅಂಕೆಗಾಗಿ ಹೆರೆಸುವುದು ಮಾತ್ರ ಸರಿಯೆನಿಸಲಿಲ್ಲ.

ಆದುದರಿಂದ ಕೊಳ್ಳುವುದು, ತಿದಿ ಕಟ್ಟಿಸುವುದು, ರೀಡುಗಳ ಧೂಳನ್ನಷ್ಟೇ ತೆಗೆಸುವುದು, ಅರ ಮುಟ್ಟಿಸದಿರುವುದು ಎಂದು ತೀರ್ಮಾನಿಸಿದ್ದೇನೆ. ಶಾಲಾ ಕಲೋತ್ಸವಕ್ಕಾಗಿ ಮಾಪ್ಪಿಳ ಪಾಟ್ಟು ಕಲಿಯುವ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. ಯಕ್ಷಗಾನಕ್ಕೆ ಹೋಗುವವರೂ ಇದ್ದಾರೆ. ಅವರಲ್ಲಿ ಯಾರಾದರೂ ಬಂದು ಕುಳಿತು, ಇದು ನನಗೆ ಹೊಂದುವುದಿಲ್ಲ ಎಂದು ದೂರಿದ ದಿನ ಮಂಗಳೂರಿಗೆ ಮತ್ತೆ ಫೋನ್ ಮಾಡಬಹುದು. ಕೆಲಸಗಾರರಿಗೆ ಈ ಏರ್ಪಾಡು ಹಿಡಿಸಲಿಲ್ಲ. ಅರ್ಧ ಕೆಲಸಕ್ಕೆ ಎರಡು ಸಲ ಬರುವುದು ನಷ್ಟವೆಂದರು, ಅದೂ ನ್ಯಾಯವೇ. ಕೊನೆಗೆ ಒಪ್ಪಿದ್ದಾರೆ. ಮಳೆಯ ತೇವದಲ್ಲಿ ಮರ ಉಬ್ಬಿರುತ್ತದೆ, ಚರ್ಮದ ಅಂಟು ಒಣಗುವುದಿಲ್ಲ, ತುಲಾ ತಿಂಗಳು ಕಳೆಯಲಿ ಎಂದಿದ್ದಾರೆ. ಅಷ್ಟರವರೆಗೆ ಪೆಟ್ಟಿಗೆ ಉಮ್ಮನ ಮನೆಯಲ್ಲೇ ಇದೆ. ಹತ್ತು ಸಾವಿರ ಕೊಟ್ಟಾಗಿದೆ, ಉಳಿದದ್ದು ಸಾಗಿಸುವ ದಿನ.