ಹೆಬ್ಬೆರಳು ಯಾರದು?

ಗಿಟಾರ್ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲ ದಿನವೇ ಹೇಳುವುದು, ತಂತಿ ಒತ್ತುವ ಕೈಯ ಹೆಬ್ಬೆರಳಿನ ವಿಷಯ. ಅದು ಗಿಟಾರಿನ ಕತ್ತಿನ ಹಿಂಬದಿಯಲ್ಲಿ, ಹೆಚ್ಚುಕಡಿಮೆ ನಡುಬೆರಳಿನ ನೇರಕ್ಕೆ ನಿಲ್ಲಬೇಕು, ಮೇಲಂಚಿನಿಂದ ಇಣುಕಬಾರದು. ವಾರ ಕಳೆಯುವುದರೊಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸಾರ್, ಜಿಮಿ ಹೆಂಡ್ರಿಕ್ಸ್ ಹೆಬ್ಬೆರಳನ್ನ ಮೇಲಿಂದಾನೇ ತರ್ತಿದ್ದನಲ್ಲ, ಅವನಿಗಿಲ್ಲದ ನಿಯಮ ನನಗ್ಯಾಕೆ?"

ಪ್ರಶ್ನೆ ಸಂಗೀತದ್ದಷ್ಟೇ ಅಲ್ಲ. ದೊಡ್ಡವರು ಮುರಿದ ನಿಯಮವನ್ನು ಚಿಕ್ಕವರ ಮೇಲೆ ಹೇರುವ ಹಕ್ಕು ಕಲಿಸುವವನಿಗೆ ಎಲ್ಲಿಂದ ಬಂತು?

ಹೇಳಿದಷ್ಟು ಮಾಡು ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಹೆಬ್ಬೆರಳಿನ ಮಾತು ಬಂದಾಗ ನಮ್ಮ ಕಡೆಯ ಮೇಷ್ಟರಿಗೆ ದ್ರೋಣ ನೆನಪಾಗದೆ ಇರುತ್ತಾನೆಯೆ? ಅವನು ಏಕಲವ್ಯನ ಹೆಬ್ಬೆರಳು ಕೇಳಿದ್ದು ಏಕಲವ್ಯನ ಒಳಿತಿಗಲ್ಲ, ಅರ್ಜುನನಿಗೆ ಕೊಟ್ಟ ಮಾತು ಉಳಿಯಲೆಂದು. ಗುರು ಕೇಳುವ ಯಾವುದನ್ನೂ ಒರೆಗೆ ಹಚ್ಚಲು ಈ ಒಂದು ಕತೆ ಸಾಕು. ಇದು ಯಾರ ಸಲುವಾಗಿ?

ನನ್ನ ನಿಯಮವನ್ನೂ ಹಾಗೇ ಒರೆಗೆ ಹಚ್ಚಬೇಕು. ಹೆಬ್ಬೆರಳು ಮೇಲೇರಿದರೆ ಹೊಸಬರ ಅಂಗೈ ಕತ್ತಿಗೆ ಅಂಟಿಕೊಳ್ಳುತ್ತದೆ. ಬೆರಳುಗಳು ಮಲಗಿ, ಪಕ್ಕದ ತಂತಿಯನ್ನು ತಾಗಿ ಅದರ ದನಿ ಅಡಗಿಸುತ್ತವೆ. ಕಿರುಬೆರಳಿಗೆ ದೂರದ ಫ್ರೆಟ್ ಎಟುಕುವುದಿಲ್ಲ. ಹೆಬ್ಬೆರಳು ಹಿಂದೆ ನಿಂತರೆ ಬೆರಳುಗಳು ಕಮಾನಿನಂತೆ ಬಾಗಿ ತುದಿಯಿಂದ ಒತ್ತುತ್ತವೆ. ಮೇಲ್ತುದಿಯಲ್ಲೇ ಸುಮಾರು 52 ಮಿಲಿಮೀಟರ್ ಅಗಲವಿರುವ ಕ್ಲಾಸಿಕಲ್ ಗಿಟಾರಿನ ಕತ್ತಿಗಂತೂ ಬೇರೆ ದಾರಿ ಕಡಿಮೆ. ಅಂದಮೇಲೆ ನಿಯಮ ಇರುವುದು ಕಲಿಯುವವನ ಕೈಗಾಗಿ. ನನ್ನ ದೊಡ್ಡಸ್ತಿಕೆಗಾಗಿ ಅಲ್ಲ.

ಹಾಗಾದರೆ ಹೆಂಡ್ರಿಕ್ಸ್? ಎಡಚನಾದ ಅವನಿಗೆ ತಂತಿ ಒತ್ತುವುದು ಬಲಗೈ. ಆ ಕೈ ದೊಡ್ಡದು; ಅವನ ಎಲೆಕ್ಟ್ರಿಕ್ ಗಿಟಾರಿನ ಕತ್ತೋ 10 ಮಿಲಿಮೀಟರಿನಷ್ಟು ಕಿರಿದು. ದಪ್ಪ ತಂತಿಯನ್ನು ಹೆಬ್ಬೆರಳಿಗೆ ಒಪ್ಪಿಸಿ, ಉಳಿದ ಬೆರಳುಗಳನ್ನು ತೆಳು ತಂತಿಗಳ ಮೇಲಿನ ಕುಸುರಿಗೆ ಬಿಟ್ಟ. ಜಾಂಗೋ ರೈನ್‌ಹಾರ್ಟ್ ಬಿಟ್ಟದ್ದು ಇನ್ನೂ ದೊಡ್ಡ ನಿಯಮ. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರಬೆರಳು, ಕಿರುಬೆರಳು ಸುಟ್ಟ ಮೇಲೆ, ಮುಖ್ಯವಾಗಿ ಮಿಕ್ಕೆರಡು ಬೆರಳುಗಳಿಂದಲೇ ತನ್ನ ಶೈಲಿ ಕಟ್ಟಿಕೊಂಡ. ಇಬ್ಬರೂ ನಿಯಮ ದಾಟಿದ್ದು ತಮ್ಮ ತಮ್ಮ ಕೈಯ ಅಗತ್ಯಕ್ಕೆ. ಅಗತ್ಯವಿಲ್ಲದೆ ಹೆಂಡ್ರಿಕ್ಸನ ಹೆಬ್ಬೆರಳನ್ನು ಅನುಕರಿಸುವವನು ಸ್ವತಂತ್ರನಾಗಲಿಲ್ಲ. ಗುರುವನ್ನು ಬದಲಿಸಿದ, ಅಷ್ಟೆ.

ಆದರೆ ಕಲಿಸುವವನ ಮೇಲೂ ಒಂದು ಋಣವಿದೆ. ಕಾರಣ ಹೇಳದೆ ಕೊಟ್ಟ ನಿಯಮ ಬರೀ ಅಪ್ಪಣೆ. ಕಾರಣ ತಿಳಿದವನಿಗೆ ಅದನ್ನು ಯಾವಾಗ ಬಿಡಬಹುದೆಂಬುದೂ ತಿಳಿಯುತ್ತದೆ. ಅದಕ್ಕೇ ನಾನು ನಿಯಮದ ಜೊತೆಗೆ ಒಂದು ಪರೀಕ್ಷೆಯನ್ನೂ ಕೊಡುತ್ತೇನೆ. ಹೆಬ್ಬೆರಳನ್ನು ಪೂರ್ತಿ ತೆಗೆದುಬಿಡಿ. ಫ್ರೆಟ್ಟಿನ ಬೆನ್ನಿಗೇ ಬೆರಳಿಟ್ಟು, ತೋಳಿನ ಭಾರದಿಂದಷ್ಟೇ ತಂತಿಯನ್ನು ಒತ್ತಿ. ಸ್ವರ ಬರುತ್ತದೆ. ಹೊಸಬರು ಗಿಟಾರಿನ ಕತ್ತು ಹಿಸುಕಲು ಸುರಿಯುವ ಬಲದಲ್ಲಿ ಬಹುಪಾಲು ಬರೀ ಅಂಜಿಕೆ ಎಂಬುದು ಆಗ ಅವರಿಗೇ ಗೊತ್ತಾಗುತ್ತದೆ.

ಹೆಬ್ಬೆರಳು ಹಿಂದೆ ಇರುವುದು ಆಸರೆಗೆ, ಹಿಡಿತಕ್ಕಲ್ಲ. ಕಲಿಸುವವನು ನಿಲ್ಲಬೇಕಾದ ಜಾಗವೂ ಬಹುಶಃ ಅದೇ.